ವೈಕುಂಠ ಸಮಾರಾಧನೆಗೆ ನಮ್ಮ ಪತ್ರಿಕೆ

ಊರಿನ ಇತಿಹಾಸ ಬರೆಯಲು ಹೊರಟವರಿಗೆ ನಗು ತರಿಸುವ ಪ್ರಸಂಗಗಳು ತಪ್ಪಿದ್ದಲ್ಲ. ನಮ್ಮ ಪಾಲಿಗೆ ಬಂದವೆಲ್ಲ ಸಾವಿನ ಸುತ್ತಲೇ ನಡೆದವು ಎಂಬುದೊಂದೇ ಬೇಜಾರು.

ಮೂರು ತಿಂಗಳಿಗೊಮ್ಮೆ ಬರುವ ಪತ್ರಿಕೆ. ಶುರು ಮಾಡಿದ್ದು ಇಬ್ಬರು: ಜಯನಗರದಲ್ಲಿ ಟೀಚರಾಗಿದ್ದು ನಿವೃತ್ತಳಾದ ನಾನು, ಪಕ್ಕದ ರಸ್ತೆಯ ನಿವೃತ್ತ ಎಂಜಿನಿಯರು. ಅವರು ಸಂಪಾದಕರು, ಉಳಿದದ್ದೆಲ್ಲ ನಾನು. ಸಾರಕ್ಕಿ, ಹೊಸಕೆರೆಹಳ್ಳಿಗಳು ಹಳ್ಳಿಗಳಾಗಿದ್ದಾಗ ಕಂಡವರು ಇನ್ನೂ ಕೆಲವರಿದ್ದಾರೆ. ಅವರು ಹೋಗುವ ಮೊದಲು ಕೇಳಿ ಅಚ್ಚು ಹಾಕಬೇಕು ಎಂಬುದು ನಮ್ಮ ಆತುರ.

ಮೊದಲ ಸಂಚಿಕೆ

ಸಾರಕ್ಕಿಯ ಹಿರಿಯರೊಬ್ಬರು ಕೆರೆ ಕೋಡಿ ಬಿದ್ದ ವರ್ಷದ ಕತೆ ಹೇಳಿದರು. ಪತ್ರಿಕೆ ಪ್ರೆಸ್ಸಿನಲ್ಲಿರುವಾಗಲೇ ತೀರಿಕೊಂಡರು. ಅಳುಮುಖ ಹೊತ್ತು ಪ್ರತಿ ಕೊಡಲು ಹೋದೆವು. ಅವರ ಮಗ ಫೋಟೋ ನೋಡಿ, "ಸಖತ್ತಾಗಿ ಬಂದಿದೆ ಮೇಡಂ. ವೈಕುಂಠ ಸಮಾರಾಧನೆಗೆ ಬಂದವ್ರಿಗೆ ಸ್ಟೀಲ್ ಡಬ್ಬಿ ಕೊಡೋಣ ಅಂತಿದ್ವಿ. ಇದೇ ಕೊಡ್ತೀವಿ, ನೂರು ಕಾಪಿ ಕಳ್ಸಿ" ಅಂದರು.

ವಾಪಸು ಬರುವಾಗ ಆಟೋದಲ್ಲಿ ಸಂಪಾದಕರು, "ಅಂತೂ ಓದುಗರು ಸಿಕ್ಕಿದ್ರು" ಅಂದರು.

ಎರಡನೆಯದು

ಸುಬ್ರಹ್ಮಣ್ಯಪುರದಿಂದ ಒಬ್ಬ ಸೊಸೆಯ ಫೋನು. "ಮೇಡಂ, ನೀವು ಮಾತಾಡಿಸ್ಕೊಂಡು ಹೋದ್ರಲ್ಲ, ನಮ್ಮಾವ ಆಸ್ಪತ್ರೇಲಿದ್ದಾರೆ. ಡಾಕ್ಟ್ರು ಏನೂ ಹೇಳಕ್ಕಾಗಲ್ಲ ಅಂತಾರೆ. ನಿಮ್ ಬುಕ್ಕು ಯಾವಾಗ ಬರುತ್ತೆ?"

"ಮುಂದಿನ ತಿಂಗಳಮ್ಮ."

"ಅಲ್ಲೀತನಕ ಕಷ್ಟ ಮೇಡಂ. ಸ್ವಲ್ಪ ಬೇಗ ಮಾಡ್ಸಿ."

ಪ್ರೆಸ್ಸಿನವನು ಎಂದಿನಂತೆ ತಡ ಮಾಡಿದ. ಆ ಪುಣ್ಯಾತ್ಮರು ಮಾತ್ರ ಪತ್ರಿಕೆ ಕೈಗೆ ಬರುವವರೆಗೂ ಕಾದು, ಅದೇ ದಿನ ಸಂಜೆ ಹೊರಟರು.

ಸುದ್ದಿ ಹಬ್ಬಿದ ಮೇಲೆ

ಮೂರನೆಯ ಸಂಚಿಕೆಗೆ ಕತೆ ಹೇಳಿದವರೂ ಹೋದ ಮೇಲೆ ನಮ್ಮನ್ನು ಕಂಡರೆ ಜನ ಹೆದರತೊಡಗಿದರು. ಬನಶಂಕರಿಯ ಪಾರ್ಕಿನೊಳಗೆ ನಾವು ಕಾಲಿಟ್ಟರೆ ಸಾಕು, ಬೆಂಚಿನ ಮೇಲಿದ್ದ ಹಿರಿಯರೆಲ್ಲ ಎದ್ದು ವಾಕಿಂಗ್ ಶುರು ಮಾಡುತ್ತಿದ್ದರು. ಮಂಡಿನೋವಿನ ಒಬ್ಬರು ಏಳಲಾಗದೆ ಸಿಕ್ಕಿಬಿದ್ದರು. ನಾವು ಬಾಯಿ ತೆರೆಯುವ ಮೊದಲೇ ಕೈಮುಗಿದು, "ನಂಗೇನೂ ನೆನಪಿಲ್ಲ ಮೇಡಂ. ನಮ್ಮ ಬೀಗರನ್ನ ಕೇಳಿ, ಅಡ್ರೆಸ್ ಕೊಡ್ತೀನಿ" ಅಂದರು.

ನಾನು ನಕ್ಕೆ. ಸಂಪಾದಕರು ನಗಲಿಲ್ಲ. "ಹೀಗೇ ಆದ್ರೆ ಎಲ್ಲಾ ಇವ್ರ ಜೊತೇನೇ ಹೋಗ್ಬಿಡುತ್ತೆ" ಅಂದರು. ಅವರ ಮುಖ ನೋಡಿ ನನಗೂ ಸಂಕಟವಾಯಿತು.

ಹೊಸಕೆರೆಹಳ್ಳಿಯ ಅಜ್ಜಿ

ಕೆರೆಯ ತೂಬು ಎತ್ತುವ ಮೊದಲು ಊರಿನವರು ಒಂದು ಕಲ್ಲಿಗೆ ಪೂಜೆ ಮಾಡುತ್ತಿದ್ದರಂತೆ. ಆ ಕಲ್ಲು ಈಗ ಎಲ್ಲಿದೆ ಎಂದು ಬಲ್ಲವರು ಈ ಅಜ್ಜಿ ಒಬ್ಬರೇ. ನಮ್ಮ ಕೆರೆ ಸಂಚಿಕೆ ನಿಂತಿದ್ದೇ ಅದರ ಮೇಲೆ. ಅಜ್ಜಿ ಪೂಜೆಯ ಕತೆಯನ್ನೆಲ್ಲ ಹೇಳುತ್ತಿದ್ದರು. ಮಾತು ಕಲ್ಲಿನ ಜಾಗಕ್ಕೆ ಬಂದ ಕೂಡಲೇ, "ಅದು ಮುಂದಿನ ವಾರ. ಈಗ ಕಾಫಿ ಕುಡೀರಿ" ಅನ್ನುತ್ತಿದ್ದರು.

ಸಂಪಾದಕರು ಒಂದು ವಾರವೂ ತಪ್ಪಿಸದೆ ಹೋದರು. ಕೊನೆಗೊಮ್ಮೆ ಅಜ್ಜಿಯೇ ಬಾಯಿಬಿಟ್ಟರು. "ಪೂರ್ತಿ ಹೇಳಿದ್ರೆ ನೀವು ಅಚ್ಚು ಹಾಕ್ತೀರ. ಅಚ್ಚು ಹಾಕಿದ್ರೆ ನಾನು ಹೋಗ್ತೀನಿ. ನಂಗೆ ಎಲ್ಲಾ ಗೊತ್ತು ಸಾಮಿ."

ಮುಂದಿನ ಭಾನುವಾರ ಸಂಪಾದಕರೇ ಹೋಗಿಬಿಟ್ಟರು. ಬೆಳಿಗ್ಗೆ ಮನೆಯಲ್ಲಿ ಪೇಪರ್ ಓದುತ್ತ ಕೂತಿದ್ದವರು ಮತ್ತೆ ಏಳಲಿಲ್ಲ. ಆ ಒಂದು ಮಾತಿಗಾಗಿ ಅಷ್ಟು ಅಲೆದ ಮನುಷ್ಯ, ಅದನ್ನು ಕೇಳದೆಯೇ ಹೋದರಲ್ಲ ಎಂದು ಅತ್ತುಬಿಟ್ಟೆ.

ಅವರ ವೈಕುಂಠ ಸಮಾರಾಧನೆಗೆ ಅಜ್ಜಿ ತಮ್ಮ ಮಗಳ ಕೈ ಹಿಡಿದು ಬಂದರು. ಹಾರ ಹಾಕಿದ ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಪಕ್ಕ ಬಂದು ಕೂತು ಮೆಲ್ಲಗೆ ಹೇಳಿದರು:

"ಹೇಳಿದೋರು ಹೋಗ್ತಾರೆ ಅಂತ ಬಾಯಿ ಮುಚ್ಕೊಂಡಿದ್ದೆ ಕಣಮ್ಮ. ಕೇಳೋರೂ ಹೋಗ್ತಾರೆ ಅಂತ ಯಾರೂ ಹೇಳ್ಲೇ ಇಲ್ಲ."

ಅಜ್ಜಿ ನನ್ನ ಕೈ ತಟ್ಟಿದರು.

"ನಾಳೆ ಬಾ, ಕಲ್ಲು ತೋರಿಸ್ತೀನಿ. ನಮ್ಮಿಬ್ಬರಲ್ಲಿ ಯಾರು ಮೊದಲು ಅಂತ ನೋಡೇಬಿಡೋಣ."