ಮೋಡದ ಹುಡುಗಿಯ ಹಾಡು

ಗಡಿಯಾರ ರಿಪೇರಿಯವರು ಆ ಹಳೆಯ ಕಾರ್ಟೂನ್ ಸಿನಿಮಾದ ಡಿಸ್ಕ್ ಮನೆಗೆ ತಂದದ್ದೇ ತಪ್ಪಾಯಿತು. ಏಳು ವರ್ಷದವರಿದ್ದಾಗ ಅಪ್ಪನ ತೊಡೆಯ ಮೇಲೆ ಕೂತು ಅದನ್ನು ನೋಡಿದ್ದರು. ಕೊನೆಯಲ್ಲಿ ಮೋಡದ ಅರಮನೆಯ ಹುಡುಗಿ ಕಿಟಕಿ ತೆರೆದು ಹಾಡುತ್ತಾಳೆ. ಕೇಳುತ್ತ ಕೇಳುತ್ತ ಮೋಡಗಳೆಲ್ಲ ಬಿಳಿ ಹಕ್ಕಿಗಳಾಗಿ ಇಳಿದುಬರುತ್ತವೆ. ಅಂದಿನಿಂದ ಆ ಹಾಡು ಅವರ ತಲೆಯೊಳಗೆ ತೇಲುತ್ತಲೇ ಇತ್ತು. ಈಗ ಮಗಳಿಗೂ ಏಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಕೇಳಬೇಕೆಂಬುದೊಂದೇ ಆಸೆ.

ಆದರೆ ಸುದ್ದಿ ಮೆಟ್ಟಿಲು ಹತ್ತಿತು. ಭಾನುವಾರ ಬೆಳಿಗ್ಗೆ ಮೇಲಿನ ಹಾಲ್‌ನಲ್ಲಿ ಗೋಡೆಗೆ ಬೆಡ್‌ಶೀಟ್ ಕಟ್ಟಿ, ಕಟ್ಟಡದ ಮಕ್ಕಳನ್ನೆಲ್ಲ ಕೂರಿಸಿದರು. ಹಿಂದೆ ದೊಡ್ಡವರು ಕೂತರು.

ಹತ್ತು ನಿಮಿಷಕ್ಕೆ ರಾಜಕುಮಾರ ಗಾಳಿಕುದುರೆಯೇರಿ ಬಂದು ಹುಡುಗಿಯನ್ನು ಎತ್ತಿ ಕೂರಿಸಿಕೊಂಡ. ನಿವೃತ್ತ ಹೆಡ್‌ಮಿಸ್ ಎದ್ದರು. ಅವರ ನೆರಳು ಅರ್ಧ ಅರಮನೆಯನ್ನು ನುಂಗಿತು.

"ಏನ್ರೀ ಇದು? ಬರ್ತೀಯಾ ಅಂತ ಅವಳನ್ನ ಒಂದು ಮಾತು ಕೇಳೋದು ಬೇಡ್ವಾ?"

ಆ ಕಾಲ ಹಾಗಿತ್ತು ಎಂದರು ರಿಪೇರಿಯವರು. ಕಾಲ ಸರಿಮಾಡುವುದೇ ನಿಮ್ಮ ಕೆಲಸವಲ್ಲವೇ ಎಂದರು ಹೆಡ್‌ಮಿಸ್.

ಮುಂದೆ ಆನೆಯೊಂದು ಸಕ್ಕರೆ ಬೆಟ್ಟ ನೆಕ್ಕಿತು; ಹಲ್ಲಿನ ಡಾಕ್ಟರು ನಿಲ್ಲಿಸಿದರು. ದಪ್ಪ ಅಡುಗೆಯವಳನ್ನು ಅಣಕಿಸುವ ಹಾಡು ಬಂತು. ಕೆಳಗಿನ ಮನೆಯ ಅಜ್ಜಿ ನಿಲ್ಲಿಸಿದರು. ಅದು ಮಾತ್ರ ರಿಪೇರಿಯವರಿಗೂ ನಾಟಿತು. ಅಂದು ಆ ಹಾಡಿಗೆ ಹೊಟ್ಟೆ ಹಿಡಿದು ನಕ್ಕದ್ದು ನೆನಪಾಗಿ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಮಕ್ಕಳು ಒಬ್ಬೊಬ್ಬರೇ ಬಾಗಿಲತ್ತ ಜಾರತೊಡಗಿದ್ದರು.

ಕೊನೆಗೆ ಹೆಡ್‌ಮಿಸ್ಸೇ ದಾರಿ ತೋರಿದರು: ಸೌಂಡ್ ತೆಗೆದುಬಿಡಿ, ಚಿತ್ರ ಮೊದಲಿಂದ ಓಡಲಿ, ಕತೆ ನೀವೇ ಹೇಳಿ.

ಮೊದಮೊದಲು ಅವರ ಮಾತು ಹಲ್ಲು ಮುರಿದ ಚಕ್ರದಂತೆ ತಡೆತಡೆದು ಉರುಳಿತು. ಆಮೇಲೆ ಬಣ್ಣಗಳೇ ಕೈಹಿಡಿದು ಒಳಗೆ ಕರೆದುಕೊಂಡವು. ಲಗಾಮು ತನ್ನ ಕೈಗೆ ಕೊಟ್ಟರೆ ಮಾತ್ರ ಬರುತ್ತೇನೆ ಎಂದಳು ಹುಡುಗಿ. ಆನೆ ನೆಕ್ಕಿದ್ದು ಹಿಮವಾಯಿತು. ಅಡುಗೆಯವಳು ಮೋಡ ಬೇಯಿಸುವ ಮಾಯಗಾತಿಯಾದಳು. ಹುಡುಗಿ ಕಿಟಕಿಯಲ್ಲಿ ಬಾಯಿ ತೆರೆದಾಗ ರಿಪೇರಿಯವರು ದನಿ ತಗ್ಗಿಸಿ, ಇವಳು ಒಂದೊಂದು ಹಕ್ಕಿಯನ್ನೂ ಹೆಸರಿಟ್ಟು ಕರೆಯುತ್ತಿದ್ದಾಳೆ ಎಂದು, ಬಾಯಿಗೆ ಬಂದ ಹೆಸರುಗಳನ್ನೆಲ್ಲ ಕರೆದರು. ಬಿಳಿ ಬೆಳಕು ಎಲ್ಲರ ಮುಖದ ಮೇಲೆ ರೆಕ್ಕೆ ಬಡಿಯಿತು. ಹಲ್ಲಿನ ಡಾಕ್ಟರೇ ಬಾಯಿ ಬಿಟ್ಟುಕೊಂಡು ಕೂತಿದ್ದರು.

ಸಂಜೆ ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ. ಅದನ್ನೇ ಇನ್ನೊಂದು ಸಲ ಹಾಕು ಎಂದಳು ಮಗಳು. ಅವರ ಎದೆ ಹಗುರಾಯಿತು. ಈ ಸಲ ನಿಲ್ಲಿಸುವವರಿಲ್ಲ. ಸೌಂಡ್ ಪೂರ್ತಿ ಇಟ್ಟರು. ಮಗಳು ಹುಬ್ಬು ಗಂಟಿಕ್ಕಿ ನೋಡುತ್ತಲೇ ಇದ್ದಳು. ಕೊನೆಗೂ ಕಿಟಕಿ ತೆರೆಯಿತು, ಹಾಡಿನ ಮೊದಲ ಎಳೆ ಹೊರಟಿತು. ರಿಪೇರಿಯವರು ಕಣ್ಣು ಮುಚ್ಚಿದರು.

ಹಾಡು ಅಲ್ಲಿಗೇ ನಿಂತಿತು. ರಿಮೋಟ್ ಮಗಳ ಕೈಯಲ್ಲಿತ್ತು.

"ಅಪ್ಪಾ, ಯಾರೋ ಕತೆ ಕೆಡಿಸಿಬಿಟ್ಟಿದ್ದಾರೆ. ಇವಳು ಹಕ್ಕಿಗಳನ್ನ ಕರೀತಾನೇ ಇಲ್ಲ, ಸುಮ್ನೆ ಹಾಡ್ತಾ ನಿಂತಿದ್ದಾಳೆ. ನೀನೇ ಹೇಳು."

ಅವಳು ಅವರ ತೋಳಿಗೆ ಒರಗಿ ಕಾದಳು. ಟೀವಿಯ ತುಂಬ ಹಕ್ಕಿಗಳು ಸದ್ದಿಲ್ಲದೆ ಇಳಿಯುತ್ತಿದ್ದವು. ರಿಪೇರಿಯವರು ಗಂಟಲು ಸರಿಮಾಡಿಕೊಂಡು, ಮೊದಲನೆಯ ಹಕ್ಕಿಗೆ ಬೆಳಿಗ್ಗೆ ನಾನು ಏನು ಹೆಸರಿಟ್ಟಿದ್ದೆ ಎಂದು ಅವಳನ್ನೇ ಕೇಳಿದರು.