ಮಾವ ಹೋದದ್ದು ಯಾವಾಗ?

ನಾನು ಗಾರೆ ಮೇಸ್ತ್ರಿ. ಓದಿದ್ದು ಏಳನೇ ಕ್ಲಾಸು. ಶಾಲೆ ನನಗೆ ಸಾಕಾಯಿತು ಎಂದು ನಾನು ಹೇಳುತ್ತೇನೆ. ಶಾಲೆಗೇ ನಾನು ಸಾಕಾದೆ ಎಂದು ನಮ್ಮವ್ವ ಹೇಳುತ್ತಾಳೆ. ಇರಲಿ. ಹೊಸ ಅಗ್ರಹಾರದ ಸುತ್ತಮುತ್ತ ನಾನು ಎಬ್ಬಿಸಿದ ಗೋಡೆ ಒಂದಾದರೂ ಒಂದು ನೂಲು ಆಚೀಚೆ ವಾಲಿದೆ ಎಂದು ಯಾರಾದರೂ ತೋರಿಸಲಿ, ಕರಣೆ ಕೆಳಗಿಟ್ಟು ಕುರಿ ಕಾಯಲು ಹೋಗುತ್ತೇನೆ. ನಾವಿರುವ ಮನೆಯನ್ನೂ ನಾನೇ ಕಟ್ಟಿದ್ದು. ಮನೆ ಕಟ್ಟಿದವನಿಗೆ ಅದರ ಗೋಡೆಗೊಂದು ಫೋಟೊ ನೇತುಹಾಕುವುದು ಯಾವ ಮಹಾ ವಿದ್ಯೆ? ಹೀಗೆಂದುಕೊಂಡೇ ನಾನು ಆ ಕೆಲಸಕ್ಕೆ ಕೈ ಹಾಕಿದ್ದು.

ಫೋಟೊ ಯಾರದ್ದು ಎನ್ನುವುದಕ್ಕೆ ಮೊದಲು ನನ್ನ ಹೆಂಡತಿಯ ವಿಷಯ ಹೇಳಬೇಕು.

ರೂಪಾ ಅಂತರಸಂತೆ ಕಡೆಯವಳು, ಬಿ.ಎ. ಓದಿದವಳು. ಅವಳು ಕಾಡಂಚಿನವಳು, ನಾವು ನಾಲೆ ಬಯಲಿನವರು. ಬೇಸಿಗೆಯಲ್ಲಿ ಮದುವೆಯಾಗಿ ಬಂದಾಗ ಮಂಕಾಗಿದ್ದಳು. ಮಳೆ ಹಿಂದೆ ಸರಿದು, ಬಿಸಿಲು ಹದವಾಗಿ, ಗದ್ದೆಯೆಲ್ಲ ಹಸಿರು ಕಕ್ಕತೊಡಗಿದ ಮೇಲೆ ಊರು ಅವಳಿಗೆ ಹಿಡಿಸಿಬಿಟ್ಟಿತು. ಬೆಳಗ್ಗೆ ರಂಗೋಲಿ ಇಟ್ಟು, ಡೈರಿಗೆ ಹಾಲು ಹಾಕಿ ಬರುವ ದಾರಿಯಲ್ಲಿ ಬದುವಿನ ಮೇಲೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾಳೆ. ಮಧ್ಯಾಹ್ನ ಕೇರಿಯ ಹೆಂಗಸರಿಗೆ ರವಿಕೆ ಹೊಲಿಯುತ್ತಾಳೆ. ಸಂಜೆ ಹಸಿ ಕಡಲೆಕಾಯಿ ಬೇಯಿಸಿ, ಬಿಸಿಬಿಸಿಯಾಗಿ ಮಡಿಲಿಗೆ ಸುರಿದುಕೊಂಡು ನನ್ನ ಜೊತೆ ನಾಲೆ ಏರಿಯ ಮೇಲೆ ನಡೆಯುತ್ತಾಳೆ. ಸುಲಿಯುವವನು ನಾನು, ತಿನ್ನುವವಳು ಅವಳು. ಸಂಸಾರ ಸುಖವಾಗಿತ್ತು.

ಒಂದೇ ಕೊರತೆ. ಅವಳ ಅಪ್ಪ ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದವರಲ್ಲ. ಬೀಗರೂಟಕ್ಕೆ ಬಂದವರು ರಾತ್ರಿ ಮಲಗಿ, ಕೋಳಿ ಕೂಗುವ ಮೊದಲೇ ಎದ್ದು, ಯಾರನ್ನೂ ಎಬ್ಬಿಸದೆ ಬಸ್ಸು ಹತ್ತಿ ಹೋಗಿದ್ದರು. ಆಮೇಲೆ ಈ ಕಡೆ ತಲೆ ಹಾಕಿರಲಿಲ್ಲ. ಕರೆದಾಗಲೆಲ್ಲ ಆನೆಯ ನೆಪ. ಹೊಲದಲ್ಲಿ ಮುಸುಕಿನ ಜೋಳ ತೆನೆ ಕಟ್ಟಿದೆ, ಕಾವಲು ಬಿಟ್ಟರೆ ಆನೆಗಳು ಒಂದೇ ರಾತ್ರಿಗೆ ಕೊಯ್ಲು ಮುಗಿಸುತ್ತವೆ ಎನ್ನುತ್ತಿದ್ದರು.

ಒಂದು ಸಂಜೆ ಏರಿಯ ಮೇಲೆ ರೂಪಾ ಕಡಲೆಕಾಯಿ ತಿನ್ನುವುದನ್ನೇ ನಿಲ್ಲಿಸಿದಳು.

"ನಾನಿಲ್ಲಿ ಹೆಂಗಿದೀನಿ ಅಂತ ಅಪ್ಪ ಕಣ್ಣಾರೆ ನೋಡ್ಬೇಕು ಕಣ್ರೀ. ಫೋನಲ್ಲಿ ಚೆನ್ನಾಗಿದೀನಿ ಅಂದ್ರೆ, ಎಲ್ಲಾ ಹೆಣ್ಮಕ್ಳೂ ಅನ್ನೋದು ಅದನ್ನೇ ಕಣವ್ವ ಅಂತಾರೆ."

ಆ ಮಾತು ನನಗೂ ನಾಟಿತು. ಗಾರೆ ಕೆಲಸದವನಿಗೆ ಮಗಳನ್ನು ಕೊಟ್ಟೆನಲ್ಲ ಎಂಬ ಕೊರಗು ಆ ಮನುಷ್ಯನಿಗೆ ಇದ್ದರೂ ಇರಬಹುದು. ಮಾರನೆಯ ದಿನ ನಾನೇ ಫೋನು ಮಾಡಿ ಪಕ್ಷದ ಹಬ್ಬಕ್ಕೆ ಬರಲೇಬೇಕು ಎಂದು ಹಠ ಹಿಡಿದೆ. ಪಕ್ಷದ ಹಬ್ಬವೆಂದರೆ ತೀರಿಕೊಂಡ ಹಿರಿಯರಿಗೆ ಎಡೆ ಇಡುವ ಹಬ್ಬ. ಅವರ ಊರಲ್ಲಿ ಅಮಾವಾಸ್ಯೆಯ ದಿನ, ನಮ್ಮಲ್ಲಿ ಒಂದು ವಾರ ಮುಂಚೆ. ಮಾವ, ಅತ್ತೆಯ ತಮ್ಮನನ್ನು ಒಂದು ರಾತ್ರಿಯ ಕಾವಲಿಗೆ ಕರೆಸಿ ಬರುತ್ತೇನೆ, ಆದರೆ ಉಂಡವನು ಬೆಳಗ್ಗೆಯೇ ಹೊರಡುತ್ತೇನೆ ಎಂದರು. ರೂಪಾ ಅಷ್ಟಕ್ಕೇ ಕುಣಿದಾಡಿದಳು.

ನನ್ನೊಳಗಿನ ಮೇಸ್ತ್ರಿ ಎದ್ದದ್ದು ಆಗಲೇ. ಮಾವ ಬಂದಾಗ ಬೆಕ್ಕಸ ಬೆರಗಾಗುವಂಥದ್ದು ಏನಾದರೂ ಮಾಡಬೇಕು! ನಡುಮನೆಯ ಗೋಡೆಯ ಮೇಲೆ ನಮ್ಮಪ್ಪನ ಫೋಟೊ ಒಂದೇ ಇತ್ತು. ನಮ್ಮಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅದರ ಪಕ್ಕದಲ್ಲೇ ಮಾವನ ದೊಡ್ಡ ಫೋಟೊ ಹಾಕಿದರೆ? ಹೆತ್ತ ಅಪ್ಪನಿಗೆ ಸರಿಸಮಾನವಾಗಿ ಹೆಣ್ಣು ಕೊಟ್ಟ ಮಾವ! ಇಂಥ ಅಳಿಯ ನಾಲ್ಕು ತಾಲ್ಲೂಕಿನಲ್ಲಿ ಸಿಗಬೇಕಲ್ಲ. ಯಾರಿಗೂ ಹೇಳದೆ, ಮದುವೆಯಲ್ಲಿ ಫೋನಿನಿಂದ ತೆಗೆದಿದ್ದ ಮಾವನ ಚಿತ್ರ ಹಿಡಿದು ಕೆ.ಆರ್. ನಗರದ ಒಂದು ಸ್ಟುಡಿಯೋಗೆ ಹೋದೆ.

ಅಲ್ಲಿ ಜನವೋ ಜನ. ಎಲ್ಲರ ಕೈಯಲ್ಲೂ ಮುದುಕ ಮುದುಕಿಯರ ಫೋಟೊ. ಈಗಿನ ಕಾಲದಲ್ಲೂ ಹಿರಿಯರ ಮೇಲೆ ಇಷ್ಟು ಗೌರವ ಇದೆಯಲ್ಲ ಎಂದು ನನ್ನ ಕಣ್ಣು ತುಂಬಿ ಬಂತು. ಪಕ್ಷದ ದಿನಗಳಲ್ಲಿ ಜನ ಯಾವ ಹಿರಿಯರ ಫೋಟೊ ಕಟ್ಟಿಸುತ್ತಾರೆ ಎಂಬುದು ಮಾತ್ರ ತಲೆಗೆ ಬರಲಿಲ್ಲ.

ಸ್ಟುಡಿಯೋದವರು ಚಿತ್ರ ನೋಡಿ ದನಿ ತಗ್ಗಿಸಿದರು.

"ಏನಾಗ್ಬೇಕು ನಿಮ್ಗೆ?"

"ನಮ್ಮ ಮಾವ. ಹೆಂಡ್ತಿ ಅಪ್ಪ."

"ಯಾವಾಗ ಹೋದ್ರು?"

ಇವರಿಗೇಕೆ ಬೇಕು ಎನಿಸಿತು. ಆದರೆ ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವನ ಜಾತಕವನ್ನೇ ಕೇಳುವ ಜನ ಇದ್ದಾರೆ. ಬೀಗರೂಟದ ಮಾರನೇ ದಿನ ಎಂದೆ.

"ಅಯ್ಯೋ ಪಾಪ. ಏನಾಗಿತ್ತು?"

"ಏನೂ ಇಲ್ಲ. ರಾತ್ರಿ ಚೆನ್ನಾಗೇ ಉಂಡು ಮಲಗಿದ್ರು. ಬೆಳಗ್ಗೆ ಎದ್ದು ನೋಡ್ತೀವಿ, ಹೋಗ್ಬುಟ್ಟವ್ರೆ."

"ಪುಣ್ಯವಂತ್ರು. ಯಾರಿಗೂ ತೊಂದ್ರೆ ಕೊಡದೆ ಹೋದ್ರು."

"ಅವ್ರ ಸ್ವಭಾವನೇ ಅಂಗೆ. ನನ್ನ ಹೆಂಡ್ತಿ ಪಕ್ಷಕ್ಕಾದ್ರೂ ಬತ್ತಾರೆ ಅಂತ ದಾರಿ ಕಾಯ್ತಾ ಅವ್ಳೆ."

"ಬತ್ತಾರೆ ಬುಡಿ, ಬರದೆ ಎಲ್ಲೋದಾರು. ಅವ್ರಿಗೆ ಇಷ್ಟವಾಗಿದ್ದು ಮಾಡಿ ಮಡಗಿ."

ನಾಟಿಕೋಳಿ ಸಾರು ಎಂದೆ. ಹಾಗಾದರೆ ಬಂದೇ ಬರುತ್ತಾರೆ ಎಂದು ಅವರು ಭರವಸೆ ಕೊಟ್ಟರು. ಗುರುತು ಪರಿಚಯವಿಲ್ಲದ ನನ್ನ ಮಾವನ ಮೇಲೆ ಆ ಮನುಷ್ಯನಿಗೆ ಎಷ್ಟು ಅಕ್ಕರೆ! ಹೂವಿನ ಹಾರ, ಮಿಣುಕು ಬಲ್ಬು ಹಾಕಲೇ ಎಂದು ಕೇಳಿದರು. ಮಂತ್ರಿಗಳು ಬಂದರೆ ಹಾರ ಹಾಕುವುದಿಲ್ಲವೆ, ನನ್ನ ಮಾವ ಯಾವ ಮಂತ್ರಿಗೆ ಕಡಿಮೆ? ಎಲ್ಲ ಹಾಕಿ ಎಂದೆ. ಕೆಳಗೆ ಏನು ಬರೆಯಲಿ ಎಂದು ಕೇಳಿದಾಗ ನನ್ನ ಏಳನೇ ಕ್ಲಾಸು ಸ್ವಲ್ಪ ತಡವರಿಸಿತು. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಜಾತಿ ನಾನಲ್ಲ.

"ನೀವು ಎಲ್ರಿಗೂ ಏನ್ ಬರೀತೀರೋ ಅದನ್ನೇ ಬರೀರಿ. ಒಂದಕ್ಷರ ಕಮ್ಮಿ ಆಗ್ಬಾರ್ದು. ಹೆಸ್ರು ಸಣ್ಣೇಗೌಡ್ರು. ಕೊನೇಲಿ ಅಳಿಯ, ಮಗಳು ಅಂತ ನಮ್ಮಿಬ್ರನ್ನೂ ಹಾಕ್ಬುಡಿ."

ಅವರು ಒಂದಕ್ಷರವನ್ನೂ ಕಮ್ಮಿ ಮಾಡಲಿಲ್ಲ!

ಹಬ್ಬದ ದಿನ ಬೆಳಗ್ಗೆ ಫೋಟೊ ಕೈಗೆ ಬಂತು. ಮಿಣುಕು ಬಲ್ಬು ಒಡೆದೀತು, ಹೊತ್ತಿಗೆ ಸರಿಯಾಗಿ ಬಿಚ್ಚಿ ಎಂದು ಪೇಪರಿನಲ್ಲಿ ಸುತ್ತಿ ಸುತ್ತಿ ಕೊಟ್ಟಿದ್ದರು. ಮನೆಗೆ ತಂದವನೇ ಯಾರೂ ಮುಟ್ಟಕೂಡದು ಎಂದು ಅಪ್ಪಣೆ ಹೊರಡಿಸಿ, ಗೋಡೆಗೆ ಡ್ರಿಲ್ ಹಿಡಿದೆ. ಆ ಗೋಡೆಯೊಳಗೆ ವೈರಿನ ಪೈಪು ಎಲ್ಲಿ ಹೋಗಿದೆ ಎಂದು ಗೊತ್ತಿದ್ದವನು ಲೋಕದಲ್ಲಿ ಒಬ್ಬನೇ. ಅದನ್ನು ಹಾಕಿಸಿದ ನಾನು. ಸರಿಯಾಗಿ ಅದರ ಮೇಲೆಯೇ ತೂತು ಕೊರೆದೆ. ಪಟ್ ಎಂದಿತು. ಮಿಕ್ಸಿಯಲ್ಲಿ ಕೋಳಿಸಾರಿನ ಮಸಾಲೆ ಅರ್ಧಕ್ಕೆ ನಿಂತಿತು.

ಅಡಿಗೆಮನೆಯಿಂದ ಅವ್ವ, ಮಗ ಗೋಡೆ ಕಟ್ಟುವುದನ್ನು ಬಿಟ್ಟು ಕೆಡಹುವ ಗುತ್ತಿಗೆ ಹಿಡಿದನೋ ಎಂದು ವಿಚಾರಿಸಿದಳು. ರೂಪಾ ಹಿತ್ತಲಿನ ಒರಳುಕಲ್ಲು ತೊಳೆದು ಮಸಾಲೆ ಅರೆಯಲು ಕೂತಳು. ಪಕ್ಕದ ಮನೆ ಜವರಣ್ಣನಿಗೆ ಸ್ವಲ್ಪ ವೈರಿಂಗ್ ಬರುತ್ತದೆ. ಬಂದು ನೋಡಿ, ಉಳಿದ ಕೋಣೆಗಳಿಗೆ ಕರೆಂಟು ಕೊಟ್ಟ. ನಡುಮನೆಗೆ ಮಾತ್ರ ನಾಳೆಯೇ ಎಂದ. ಮಲಗುವ ಕೋಣೆಯಿಂದ ವೈರು ಎಳೆದು ಫೋಟೊದ ಬಲ್ಬಿಗೆ ವ್ಯವಸ್ಥೆ ಮಾಡಿಕೊಂಡೆ. ಸುತ್ತಿದ ಪೇಪರಿನ ಸಮೇತ ಫೋಟೊವನ್ನು ಅಪ್ಪನ ಪಕ್ಕ ಮೊಳೆಗೆ ಹಾಕಿ, ರಸಮಟ್ಟ ಇಟ್ಟು ನೋಡಿದೆ. ಒಂದು ನೂಲೂ ವಾಲಿರಲಿಲ್ಲ!

ಸಂಜೆ ಆರು ದಾಟಿದರೂ ಮಾವ ಬರಲಿಲ್ಲ. ರೂಪಾ ಬಾಗಿಲಿಗೂ ಒಲೆಗೂ ಓಡಾಡುತ್ತಿದ್ದಳು. ಎಡೆಯ ಹೊತ್ತು ಮೀರುತ್ತದೆ ಎಂದು ಅವ್ವ ಅವಸರ ಮಾಡಿದಳು. ಗೋಡೆಯ ಕೆಳಗೆ ಬಾಳೆ ಎಲೆ ಹಾಸಿ ಮುದ್ದೆ, ಕೋಳಿಸಾರು, ವಡೆ, ಕಜ್ಜಾಯ, ನಮ್ಮಪ್ಪನಿಗೆ ಪ್ರೀತಿಯಾದ ಬೀಡಿ ಕಟ್ಟು, ಹೊಸ ಪಂಚೆ ಎಲ್ಲ ಇಟ್ಟಾಯಿತು. ಇನ್ನು ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಬೇಕು. ಒಳಗೆ ಹಿರಿಯರು ಬಂದು ಉಣ್ಣುವ ತನಕ ಯಾರೂ ಇಣುಕಬಾರದು. ಅದು ಪದ್ಧತಿ.

ಎಲ್ಲರೂ ಹೊರಗೆ ಹೋದ ಮೇಲೆ ನಾನೊಬ್ಬನೇ ಹಿಂದೆ ಉಳಿದು ಪೇಪರು ಹರಿದು ಸ್ವಿಚ್ಚು ಹಾಕಿದೆ. ಸಾಂಬ್ರಾಣಿ ಹೊಗೆಯಲ್ಲಿ ಕೆಂಪು ಬಲ್ಬು ಮಿಣಮಿಣ ಎಂದಿತು. ಹಾರದ ನಡುವೆ ಮಾವನ ಮೀಸೆ. ಆಹಾ! ಕೆಳಗೆ ಅಕ್ಷರ ಸಾಲುಸಾಲಾಗಿತ್ತು. ಆ ಕತ್ತಲಲ್ಲಿ, ಆ ಹೊಗೆಯಲ್ಲಿ, ಏಳನೇ ಕ್ಲಾಸಿನವನಿಗೆ ಅಷ್ಟು ಅಕ್ಷರ ಓದಲು ಸ್ವಲ್ಪ ಹೊತ್ತು ಬೇಕು. ಅವ್ವ ಹೊರಗಿನಿಂದ, "ಬಾರ್ಲಾ, ಹಿರೀಕರು ಕಾಯ್ತಾ ಅವ್ರೆ" ಎಂದು ಗದರಿದಳು. ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಜಗಲಿಯ ಮೇಲೆ ನಾವು ಮೂವರು, ಜೊತೆಗೆ ಜವರಣ್ಣ. ಐದು ನಿಮಿಷ ಆಗಿರಬಹುದು. ಒಳಗೆ ಏನೋ ದೊಪ್ಪನೆ ಬಿದ್ದ ಸದ್ದಾಯಿತು. ಆಮೇಲೆ ಕೆಮ್ಮು.

ಅವ್ವ ಎರಡೂ ಕೈ ಮುಗಿದಳು. "ನಿಮ್ಮಪ್ಪ ಬಂದವ್ರೆ ಕಣ್ಲಾ."

ಕೆಮ್ಮು ಥೇಟು ಅಪ್ಪನದೇ ಎಂದು ಜವರಣ್ಣ ಸಾಕ್ಷಿ ಹೇಳಿದ. ಆದರೆ ರೂಪಾ ಕಿವಿಗೊಟ್ಟು ಕೇಳಿ, ಬಿಳಿಚಿಕೊಂಡು ಹೇಳಿದಳು: "ಅದು ನಿಮ್ಮಪ್ಪನ ಕೆಮ್ಮಲ್ಲ ಕಣ್ರೀ. ನಮ್ಮಪ್ಪಂದು."

ಅವ್ವ ತಡೆಯುವಷ್ಟರಲ್ಲಿ ಅವಳು ಬಾಗಿಲು ತಳ್ಳಿಬಿಟ್ಟಳು.

ಒಳಗೆ ಮಾವ ನಿಂತಿದ್ದರು! ನಾಲೆ ಸೇತುವೆಯ ಹತ್ತಿರ ಬಸ್ಸಿಳಿದು, ನಾನೇ ಫೋನಿನಲ್ಲಿ ಹೇಳಿದ್ದ ಅಡ್ಡದಾರಿ ಹಿಡಿದು ಹಿತ್ತಲ ಬಾಗಿಲಿನಿಂದ ಒಳಗೆ ಬಂದಿದ್ದಾರೆ. ಕೈಯಿಂದ ಜಾರಿದ ಚೀಲದ ಸೀತಾಫಲ ಮನೆ ತುಂಬ ಉರುಳಾಡುತ್ತಿವೆ. ಮಾವ ಅತ್ತಿತ್ತ ನೋಡುತ್ತಿಲ್ಲ. ಕಣ್ಣು ಗೋಡೆಯ ಮೇಲೆ. ಮಿಣುಕುವ ಬಲ್ಬಿನ ಬೆಳಕಲ್ಲಿ, ತಡೆದು ತಡೆದು ಗಟ್ಟಿಯಾಗಿ ಓದುತ್ತಿದ್ದಾರೆ.

"ದಿವಂಗತ... ಶ್ರೀ... ಸಣ್ಣೇಗೌಡರು. ಬೀಗರೂಟದ ಮಾರನೇ ದಿನ... ದೈವಾಧೀನ. ಇಂತಿ... ದುಃಖತಪ್ತ ಅಳಿಯ, ಮಗಳು."

ಜವರಣ್ಣ ಮೆಲ್ಲಗೆ ಹಿಂದಕ್ಕೆ ಹೆಜ್ಜೆಯಿಟ್ಟು, ಜಗಲಿ ಇಳಿದು, ತನ್ನ ಮನೆಯೊಳಗೆ ಹೋಗಿ ಚಿಲಕ ಹಾಕಿಕೊಂಡ.

ಮಾವ ನನ್ನ ಕಡೆ ತಿರುಗಿದರು. "ಅಳಿಮಯ್ಯ, ನಾನ್ ಯಾವಾಗ ಹೋದೆ?"

ನಾನು ತೊದಲಿದೆ. ಹೋದರು ಎಂದರೆ ಊರಿಗೆ ಹೋದರು ಎಂದು ನಾನಂದುಕೊಂಡೆ, ಸ್ಟುಡಿಯೋದವರು ಮೇಲೆ ಹೋದರು ಎಂದುಕೊಂಡರು, ನನ್ನ ತಪ್ಪಿಲ್ಲ, ಅವರದ್ದೂ ಇಲ್ಲ, ಎಲ್ಲ ತಪ್ಪೂ ಕನ್ನಡ ಭಾಷೆಯದು ಎಂದು ವಾದಿಸಿದೆ. ಕೆಲಸಕ್ಕೆ ಬರಲಿಲ್ಲ. ಅವ್ವ ತಲೆ ಮೇಲೆ ಕೈ ಹೊತ್ತು ಕೂತಳು. ಬದುಕಿರುವ ಬೀಗರನ್ನು ಸತ್ತವರ ಸಾಲಿನಲ್ಲಿ, ಅದೂ ಪಕ್ಷದ ದಿನ! ರೂಪಾಳ ಕಣ್ಣಿಂದ ನೀರು ಇಳಿಯುತ್ತಿತ್ತು. ಕಣ್ಣಾರೆ ನೋಡಲಿ ಎಂದು ಅಪ್ಪನನ್ನು ಕರೆಸಿದವಳು. ಅಪ್ಪ ನೋಡಿದ್ದು ಇದನ್ನು. ಮಾವ ಬಗ್ಗಿ ಚೀಲ ಎತ್ತಿಕೊಂಡರು. ಹೊರಟೇಬಿಟ್ಟರು ಎಂದುಕೊಂಡೆ.

ಅವರು ಹೊರಡಲಿಲ್ಲ. ಚೀಲವನ್ನು ಮೂಲೆಗಿಟ್ಟು, ಎಲೆಯನ್ನು ನೋಡಿದರು. ಗೋಡೆಯನ್ನು ನೋಡಿದರು.

"ಅಲ್ಲಾ ಅಳಿಮಯ್ಯ, ಫೋಟೊ ಎರಡು ಹಾಕಿದ್ದೀರಿ, ಎಲೆ ಒಂದೇ ಹಾಕಿದ್ದೀರಿ. ನಿಮ್ಮಪ್ಪಂಗೆ ಕೋಳಿಸಾರು, ನನಗೆ ಬರೀ ಲೈಟಾ? ಇದ್ಯಾವ ನ್ಯಾಯ?"

ಮೊದಲು ನಕ್ಕವಳು ರೂಪಾ. ಅಳುತ್ತಲೇ ನಕ್ಕಳು. ಆಮೇಲೆ ಅವ್ವ. ಮಾವ ತಮ್ಮ ಫೋಟೊದ ಕೆಳಗೇ ಚಕ್ಕಳಮಕ್ಕಳ ಹಾಕಿ ಕೂತರು. ರೂಪಾ ಇನ್ನೊಂದು ಎಲೆ ಹಾಕಿ ಬಡಿಸಿದಳು. ಎರಡು ಮುದ್ದೆ ಮುರಿದರು. ಸತ್ತ ಸುದ್ದಿ ಹಬ್ಬಿದವನ ಆಯಸ್ಸು ಗಟ್ಟಿ ಕಣವ್ವ ಎಂದು ಅವ್ವನಿಗೇ ಸಮಾಧಾನ ಹೇಳಿದರು. ಮಸಾಲೆ ಒರಳಲ್ಲಿ ಅರೆದದ್ದೇ ಎಂದು ಕೇಳಿ, ಮಿಕ್ಸಿಯದಾಗಿದ್ದರೆ ಈ ರುಚಿ ಬರುತ್ತಿರಲಿಲ್ಲ ಎಂದು ಇನ್ನೊಂದು ಸೌಟು ಹಾಕಿಸಿಕೊಂಡರು. ನಾನು ಡ್ರಿಲ್ಲಿನ ಕಡೆ ಹೆಮ್ಮೆಯಿಂದ ನೋಡಿದೆ. ಯಾರೂ ಗಮನಿಸಲಿಲ್ಲ.

ಬೆಳಗ್ಗೆ ಬಸ್ಸಿನ ಹೊತ್ತಾದಾಗ ರೂಪಾ ಬುತ್ತಿ ಕಟ್ಟಿ, ಮುಖ ಸಣ್ಣಗೆ ಮಾಡಿಕೊಂಡು ನಿಂತಳು. ಮಾವ ಹಾಸಿಗೆಯಿಂದಲೇ ಏಳಲಿಲ್ಲ. ಜೋಳದ ಗತಿ ಏನು, ಆನೆ ಬರುವುದಿಲ್ಲವೇ ಎಂದು ನಾನು ಕೇಳಿದೆ.

"ನಾನೇ ಹೋಗ್ಬುಟ್ಟಿವ್ನಿ. ಸತ್ತೋನಿಗ್ಯಾವ ಕಾವಲು? ನಿಮ್ಮತ್ತೆ ತಮ್ಮ ಅವ್ನೆ, ನೋಡ್ಕಂತಾನೆ ಬುಡಿ" ಎಂದು ಮಗ್ಗುಲಾದರು.

ನಾಲ್ಕು ದಿನ ಇದ್ದರು! ಮಗಳ ಜೊತೆ ಡೈರಿಗೆ ಹೋದರು. ಅವಳು ಹೊಲಿಯುವಾಗ ಪಕ್ಕದಲ್ಲಿ ಕೂತು ಗುಂಡಿ ಆರಿಸಿ ಕೊಟ್ಟರು. ಸಂಜೆ ಅಪ್ಪ ಮಗಳು ಇಬ್ಬರೇ ನಾಲೆ ಏರಿಯ ಮೇಲೆ ಹೋದರು. ಹಿಂದಿನಿಂದ ನೋಡಿದರೆ ಇಬ್ಬರ ನಡಿಗೆಯೂ ಒಂದೇ. ಜವರಣ್ಣ ಮೂರನೆಯ ದಿನ ಚಿಲಕ ತೆಗೆದು, ದೂರದಿಂದಲೇ ಮಾವನ ನೆರಳು ನೆಲದ ಮೇಲೆ ಬೀಳುತ್ತದೆಯೇ ಎಂದು ಪರೀಕ್ಷಿಸಿ, ಬಂದು ಮಾತಾಡಿಸಿದ.

ಮಾವ ಹೊರಟ ದಿನ ಬಸ್ಸು ಹತ್ತಿಸಿ ಬಂದ ರೂಪಾಳ ಮುಖ ಹಬ್ಬದಂತಿತ್ತು. ಮಗಳು ಚೆನ್ನಾಗಿದ್ದಾಳೆ ಎಂದು ಅತ್ತೆಗೆ ಧೈರ್ಯವಾಗಿ ಹೇಳುತ್ತೇನೆ ಎಂದರಂತೆ. ಕಾರ್ತೀಕದಲ್ಲಿ ಅತ್ತೆಯನ್ನೂ ಕರೆದುಕೊಂಡು ಬರುತ್ತಾರಂತೆ. ನನ್ನ ಬಗ್ಗೆ ಏನಾದರೂ ಅಂದರೇ ಎಂದು, ಕೇಳಿಯೂ ಕೇಳದವನ ಹಾಗೆ ಕೇಳಿದೆ.

"ಅಂದ್ರು. ಗೋಡೆ ಚೆನ್ನಾಗಿ ಕಟ್ತಾನೆ, ಮನುಷ್ಯ ಒಳ್ಳೇವ್ನು. ಆದ್ರೆ ಇನ್ಮೇಲೆ ಅವ್ನ ಕೈಲಿ ಏನೂ ಬರೆಸ್ಬೇಡ ಕಣವ್ವ ಅಂದ್ರು."

ಮಾವನ ಮಾತು ಮೀರಿ ಇಷ್ಟನ್ನು ಬರೆದು ಬಿ.ಎ. ಹೆಂಡತಿಯ ಕೈಗೆ ಕೊಟ್ಟೆ. ಕೆಂಪು ಪೆನ್ನು ಹಿಡಿದು ಕೂತು ಏಳು ತಪ್ಪು ತಿದ್ದಿದಳು. ಎಂಟನೆಯದನ್ನು ಇನ್ನು ತಿದ್ದಲಾಗುವುದಿಲ್ಲವಂತೆ. ಅದನ್ನು ಮದುವೆಯಾಗಿಬಿಟ್ಟಿದ್ದಾಳಂತೆ!