ಪ್ರಸ್ಥಾನ ಹೊರಟ ಹ್ಯಾಂಡಲ್ಲು

ಪರದೇಶಕ್ಕೆ ಹೋಗಲು ಹಡಗೇ ಹತ್ತಬೇಕೆಂದು ನೀವು ತಿಳಿದಿದ್ದರೆ, ನನ್ನ ಸೋದರಮಾವನನ್ನು ನೀವು ಕಂಡಿಲ್ಲ ಎಂದರ್ಥ. ಮೊಳಕಾಲ್ಮೂರಿನಲ್ಲಿ ರೊಟ್ಟಿ ತಿಂದು ಹೊರಟರೆ ಮಧ್ಯಾಹ್ನದ ಮುದ್ದೆಯನ್ನು ಪರದೇಶದಲ್ಲಿ ನುಂಗಬಲ್ಲವನು ಅವನು! ಆ ಪರದೇಶದ ಹೆಸರು ರಾಯದುರ್ಗ. ನಗಬೇಡಿ. ಆಗ ನಮ್ಮದು ಮೈಸೂರು ಮಹಾರಾಜರ ಸೀಮೆ, ರಾಯದುರ್ಗ ಇಂಗ್ಲಿಷರ ಸೀಮೆ. ನಡುವೆ ಒಂದು ಗಡಿ. ಕುರಿಮಂದೆ, ಕಡಲೇಕಾಯಿ ಗಾಡಿ, ಮದುವೆ ದಿಬ್ಬಣ ಎಲ್ಲವೂ ಅದನ್ನು ಯಾರನ್ನೂ ಕೇಳದೆ ದಾಟುತ್ತಿದ್ದವು. ಆದರೆ ಮಾವ ದಾಟಬೇಕಾಗಿದ್ದದ್ದು ಕಾರಿನಲ್ಲಿ!

"ಕುರಿಗೆ ಯಾವ ದೊರೆ ಆದ್ರೇನಲೇ?" ಎಂದ. "ಕಾರು ಅಂದ್ರೆ ಎರಡು ಸರ್ಕಾರದ ಮರ್ಯಾದೆ ಪ್ರಶ್ನೆ ಐತೆ."

ಜರ್ಮನ್ ಯುದ್ಧ ಮುಗಿದ ಹೊಸತು. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ, ಚಳ್ಳಕೆರೆಯ ನಮ್ಮ ಮನೆಯಲ್ಲಿ ಡೈರಿ ಬರೆಯುವುದನ್ನೇ ಉದ್ಯೋಗ ಮಾಡಿಕೊಂಡು ಕೂತಿದ್ದೆ. ಮಾವ ಚಿತ್ರದುರ್ಗದ ಕಂಟ್ರಾಕ್ಟರರೊಬ್ಬರ ಹಳೆಯ ಕಾರು ಕೊಂಡು, ದಾರಿಯಲ್ಲಿ ನನ್ನನ್ನೂ ಹತ್ತಿಸಿಕೊಂಡು ಮೊಳಕಾಲ್ಮೂರಿಗೆ ಹೋದ. ತಳಕಿನ ಹತ್ತಿರ ಕಾರು ಮೂರು ಸಲ ಕೆಟ್ಟಿತೆಂದು ಡೈರಿಯಲ್ಲಿದೆ. ನೆನಪಿನಲ್ಲಿರುವುದು ಒಂದೇ ಸಲ. ನಗಿಸಲೆಂದು ಆಗ ಹೆಚ್ಚು ಬರೆದೆನೋ, ಮಾವನ ಮೇಲಿನ ಪ್ರೀತಿಗೆ ಈಗ ಕಡಿಮೆ ನೆನೆಯುತ್ತಿದ್ದೇನೋ, ಹೇಗೆ ಹೇಳಲಿ?

ಕಾರು ಯಾಕೆ ಬಂತು ಎಂಬುದರಲ್ಲಿ ಮಾತ್ರ ಡೈರಿಗೂ ನೆನಪಿಗೂ ಜಗಳವಿಲ್ಲ. ಮಾವನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಇದ್ದದ್ದು ರಾಯದುರ್ಗದಲ್ಲಿ. ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದ ಮೇಲೆ ಎತ್ತಿನ ಗಾಡಿಯ ಕುಲುಕಾಟ ತಡೆಯಲಾರದೆ ಅವಳು ತವರಿಗೆ ಬರುವುದೇ ನಿಂತಿತ್ತು. ಇತ್ತ ಮೊಳಕಾಲ್ಮೂರಿನಲ್ಲಿ ಅಜ್ಜಿಯ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. "ಪೂರ್ತಿ ಕತ್ತಲಾಗೋದ್ರೊಳಗೆ ಮಗಳ ಮುಖ ಒಂದ್ಸಲ ತೋರ್ಸಪ್ಪಾ," ಎಂದು ಅಜ್ಜಿ ಕೇಳಿದ್ದಳು. ಮಾವ ಕಾರು ತಂದ.

ತಂದವನು ಮರುದಿನವೇ ಹೊರಟನೇ? ಛೆ, ಪರದೇಶವಲ್ಲವೇ! ಮೊದಲು ಭಾಷೆಯ ಸಿದ್ಧತೆ. ಗಡಿಯಾಚೆಯ ಜನ ದಾರಿ ಬಿಡಬೇಕಲ್ಲ ಎಂದು, ನಿಂತ ಕಾರಿನಲ್ಲಿ ಕೂತು "ಜರಗಂಡಿ! ಜರಗಂಡಿ!" ಎಂದು ತೆಲುಗಿನಲ್ಲಿ ಕೂಗುವ ಅಭ್ಯಾಸ ಶುರುಮಾಡಿದ.

ಅತ್ತೆ ಹೊರಗೆ ಬಂದಳು. "ಅಲ್ರೀ, ನಮ್ಮನೆ ಎಮ್ಮೇನೂ ನೀವು ತೆಲುಗಲ್ಲೇ ಬಯ್ಯೋದು. ಹುಟ್ಟಿದಾಗಿಂದ ಮಾತಾಡೋ ಭಾಷೇನ ಈಗೇನು ಹೊಸದಾಗಿ ಕಲೀತೀರಿ?"

"ಎಮ್ಮೆ ತೆಲುಗು ಬೇರೆ, ಕಾರಿನ ತೆಲುಗು ಬೇರೆ. ನಿಂಗೊತ್ತಾಗಲ್ಲ, ಒಳಗೋಗು."

ಆಮೇಲೆ ಇಂಗ್ಲಿಷು. ಗಡಿಯಲ್ಲಿ ದೊರೆ ಅಡ್ಡಗಟ್ಟಿದರೆ? ನನ್ನ ಬಿ.ಎ. ಅಂತೂ ಒಂದು ಉಪಯೋಗಕ್ಕೆ ಬಂತು. "ಗುಡ್ ಮಾರ್ನಿಂಗ್ ಸರ್, ಐ ಯಾಮ್ ಗೋಯಿಂಗ್ ಟು ಮೈ ಸಿಸ್ಟರ್" ಎಂದು ಕಲಿಸಿದೆ. ಕೊಟ್ಟಿಗೆಯ ಮುಂದೆ, ಬಾವಿಯ ಮುಂದೆ, ಊಟದ ತಟ್ಟೆಯ ಮುಂದೆ ಅವನಿಗೆ ಅದೇ ಜಪ. ಅಜ್ಜಿಗೂ ಅದು ಬಾಯಿಪಾಠವಾಗಿಹೋಯಿತು!

ಕೊನೆಗೆ ಜೋಯಿಸರು ಗುರುವಾರ ಬೆಳಿಗ್ಗೆ ಒಳ್ಳೆಯ ಗಳಿಗೆಯಿದೆ ಎಂದರು. ಗುರುವಾರ ಬಂತು, ಚಿತ್ರದುರ್ಗದಿಂದ ಬರಬೇಕಾದ ಪೆಟ್ರೋಲ್ ಡಬ್ಬ ಬರಲಿಲ್ಲ. ಇಂಥ ಪೇಚಿಗೆ ನಮ್ಮ ಹಿರಿಯರು ಒಂದು ಉಪಾಯ ಮಾಡಿದ್ದಾರೆ: ಪ್ರಸ್ಥಾನ ಇಡುವುದು. ಒಳ್ಳೆಯ ಗಳಿಗೆಯಲ್ಲಿ ಹೊರಡಲಾಗದಿದ್ದರೆ, ಹೊರಡುವವರ ಒಂದು ಬಟ್ಟೆಯನ್ನು ಅಕ್ಕಿ, ಎಲೆಯಡಿಕೆಯೊಂದಿಗೆ ಗಂಟುಕಟ್ಟಿ, ಹೋಗುವ ದಿಕ್ಕಿನ ಯಾರದಾದರೂ ಮನೆಯಲ್ಲಿ ಇಟ್ಟುಬಿಡುವುದು. ಪ್ರಯಾಣ ಶುರುವಾದಂತೆಯೇ ಲೆಕ್ಕ. ಒಂದೇ ಕಟ್ಟಳೆ: ಇಟ್ಟ ಗಂಟು ಹಿಂದಕ್ಕೆ ಬರಕೂಡದು.

ಅತ್ತೆ ಮಾವನ ಅಂಗವಸ್ತ್ರ ತಂದಳು. ಮಾವ ತಲೆಯಾಡಿಸಿದ. "ಪ್ರಯಾಣ ಮಾಡೋದು ಯಾರು? ಕಾರು. ನಾವು ಅದ್ರೊಳಗೆ ಸುಮ್ನೆ ಕೂತಿರ್ತೀವಿ. ಅಂದ್ಮೇಲೆ ಪ್ರಸ್ಥಾನ ಕಾರಿಂದೇ ಆಗ್ಬೇಕು."

ಇಂಥ ತರ್ಕಕ್ಕೆ ಯಾವ ವಿಶ್ವವಿದ್ಯಾಲಯದಲ್ಲಿ ಉತ್ತರವಿದೆ? ಕಾರಿನಲ್ಲಿ ಸಲೀಸಾಗಿ ಕೈಗೆ ಬರುವ ಸಾಮಾನು ಒಂದೇ ಇತ್ತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಅಕ್ಕಿಯ ಜೊತೆ ಹಳದಿ ಬಟ್ಟೆಯಲ್ಲಿ ಸುತ್ತಿ, ಸಂತೆಯ ಗಾಡಿಯಲ್ಲಿ ಗಡಿಯ ಕೊನೆಯ ಮನೆಯ ಮುದುಕಿಗೆ ಕಳಿಸಿದ.

ಭಾನುವಾರ ಪೆಟ್ರೋಲ್ ಬಂತು. ಅರ್ಧ ಊರೇ ನೆರೆಯಿತು. ಮಾವ ಪೇಟ ಸುತ್ತಿ ಕೂತು, "ಹೂಂ, ಹ್ಯಾಂಡಲ್ ತಿರುಗ್ಸಲೇ!" ಎಂದ. ಹ್ಯಾಂಡಲ್ ತಿರುಗಿಸಿಯೇ ಎಂಜಿನ್ ಎಬ್ಬಿಸಬೇಕಾದ ಕಾಲ ಅದು; ನಾನು ಕಾರಿನ ಮುಂದೆ ಹೋಗಿ ಬಗ್ಗಿದೆ. ತೂತಿತ್ತು. ಹ್ಯಾಂಡಲ್ ಇರಲಿಲ್ಲ.

"ಮಾವ, ಹ್ಯಾಂಡಲ್ ಆಗ್ಲೇ ಪ್ರಯಾಣ ಹೋಗೈತೆ!"

ನೆರೆದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೀದಿಯುದ್ದಕ್ಕೂ ತಳ್ಳಿದೆವು, ಕಾರು ಕೆಮ್ಮಿತೇ ಹೊರತು ಹೊರಡಲಿಲ್ಲ. ಯಾರನ್ನಾದರೂ ಕಳಿಸಿ ಹ್ಯಾಂಡಲ್ ತರಿಸೋಣ ಎಂದೆ. ಮಾವನ ಮುಖ ಗಂಭೀರವಾಯಿತು.

"ಇಟ್ಟ ಪ್ರಸ್ಥಾನ ಹಿಂದಕ್ಕೆ ಬಂದ್ರೆ ಕೆಲ್ಸ ಕೆಡ್ತೈತೆ. ಇದು ಅಕ್ಕನ ಕೆಲ್ಸ. ಎತ್ತು ಕಟ್ರೋ!"

ಹೀಗೆ ಮೊಳಕಾಲ್ಮೂರಿನ ಮೊದಲ ಅಂತರರಾಷ್ಟ್ರೀಯ ಕಾರು ಎರಡು ಎತ್ತುಗಳ ಹಿಂದೆ ಹೊರಟಿತು. ಮಾವ ಮಾತ್ರ ಸ್ಟೀರಿಂಗ್ ಬಿಡಲಿಲ್ಲ, ಸ್ವಂತ ಎತ್ತುಗಳಿಗೇ "ಜರಗಂಡಿ!" ಎನ್ನುತ್ತಿದ್ದ. ಗಡಿಯಲ್ಲಿ ದೊರೆಯಿರಲಿಲ್ಲ, ಪೇದೆಯೂ ಇರಲಿಲ್ಲ. ವಾಲಿದ ಒಂದು ಕಲ್ಲು, ಅದಕ್ಕೆ ಬೆನ್ನು ಉಜ್ಜಿಕೊಳ್ಳುತ್ತಿದ್ದ ಒಂದು ಮೇಕೆ. ಕಲಿತ ಇಂಗ್ಲಿಷು ವ್ಯರ್ಥವಾಗಬಾರದೆಂದು ಮಾವ ಮೇಕೆಗೇ ಗುಡ್ ಮಾರ್ನಿಂಗ್ ಹೇಳಿದ!

ಕಲ್ಲಿನ ಪಕ್ಕದಲ್ಲೇ ಮುದುಕಿಯ ಮನೆ. ಅವಳು ಗೂಡಿನಿಂದ ಹಳದಿ ಗಂಟು ತೆಗೆದುಕೊಟ್ಟಳು. ಹಿಂದೆಯೇ ಬಣ್ಣ ಮಾಸಿದ ಕೆಂಪು ಬಟ್ಟೆಯ ಇನ್ನೊಂದು ಗಂಟನ್ನೂ ತೆಗೆದಳು.

"ಇದೂ ನಿಮ್ದೇ ಕಣಪ್ಪಾ. ನಿಮ್ಮಕ್ಕನ ಪ್ರಸ್ಥಾನ. ಹೋದ ದೀಪಾವಳಿಗೆ ಕಳ್ಸಿದ್ಲು, ತಮ್ಮ ಬಂದು ಕರ್ಕೊಂಡೋಗ್ತಾನೆ ಅಂತ. ಅಕ್ಕಿಗೆ ಹುಳ ಬೀಳುತ್ತೆ ಅಂತ ಆಗಾಗ ಯಾರ ಕೈಲಾದ್ರೂ ಹೊಸ ಅಕ್ಕಿ ಕಳಿಸ್ತಾಳೆ. ನಾನು ಬದಲಾಯಿಸ್ತೀನಿ."

ಮಾವ ಎರಡೂ ಕೈ ಚಾಚಿದ. ಆ ಗಂಟನ್ನು ಕಣ್ಣಿಗೊತ್ತಿಕೊಂಡು ಮುದುಕಿಗೇ ಹಿಂದಿರುಗಿಸಿದ. "ಇಲ್ಲೇ ಇರ್ಲಿ ಅವ್ವಾ. ಆ ಕಡೆ ತಗೊಂಡೋದ್ರೆ ಹಿಂದಕ್ಕೆ ಹೋದಂಗಾಗುತ್ತೆ. ಸಂಜೆಗೆ ಅವಳೇ ಬಂದು ತಗೊಳ್ತಾಳೆ." ಹ್ಯಾಂಡಲ್ ಹಾಕಿ ತಾನೇ ತಿರುಗಿಸಿದ. ಕಾರು ಗುಡುಗಿ ಎದ್ದಿತು. ಎತ್ತುಗಳನ್ನು ಹೊಡೆದು ತಂದಿದ್ದ ಆಳಿನ ಕೈಲಿ ಅವನ್ನು ಅಲ್ಲೇ ನೆರಳಿಗೆ ಕಟ್ಟಿಸಿ ಗಡಿ ದಾಟಿದೆವು.

ಸಂಜೆ ವಾಪಸಾಗುವಾಗ ಕೆಂಪು ಗಂಟು ದೊಡ್ಡಮ್ಮನ ಮಡಿಲಲ್ಲಿತ್ತು. ಮಾವ ಕೂಗಲಿಲ್ಲ, ಹಾರನ್ ಒತ್ತಲಿಲ್ಲ. ಪ್ರತಿ ಹಳ್ಳಕ್ಕೂ, ಪ್ರತಿ ಕಲ್ಲಿಗೂ ಕಾರನ್ನು ತಡೆತಡೆದು ಇಳಿಸಿ ಹತ್ತಿಸುತ್ತಿದ್ದ. ನಮ್ಮ ಹಿಂದೆ ಹೊರಟಿದ್ದ ಎತ್ತುಗಳು ಬೇಸತ್ತು ನಮ್ಮನ್ನು ದಾಟಿಕೊಂಡು ಹೋದವು!

ಊರಬಾಗಿಲಲ್ಲಿ ಜನ ಕಾಯುತ್ತಿದ್ದರು. "ಏನ್ ಗೌಡ್ರೇ, ಎತ್ತುಗಳೇ ಮೊದ್ಲು ಬಂದ್ವಲ್ರೀ! ಇಂಥ ಕಾರು ಯಾತಕ್ಕೆ?"

ಮಾವ ತಿರುಗಿ ನೋಡಿದ. ದೊಡ್ಡಮ್ಮ ಗಂಟನ್ನು ತಬ್ಬಿಕೊಂಡು, ಸೀಟಿಗೆ ತಲೆಯಾನಿಸಿ, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

"ಮೆಲ್ಲಗೆ ಮಾತಾಡ್ರೋ," ಎಂದ. "ಅಕ್ಕ ಮಲಗವಳೆ."